ಮಾಗಿಯ ಚಳಿಯೂ ಮಾಳಿಗೆಯ ಮನೆಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯವು. ಶಾಲೆಗಳ ಲೆಕ್ಕದಲ್ಲಿ ಮಾತ್ರ ಮಧುಗಿರಿ ಎಂಬ ಬೇರೊಂದು ಶೈಕ್ಷಣಿಕ ಜಿಲ್ಲೆಯಾಗಿವೆ. ಇಲ್ಲಿಯ ಹುಡುಗರಿಗೆ ನಾವು ಭೂಗೋಳದ ಪಾಠದಲ್ಲಿ, ನಿಮ್ಮ ಊರು ಉಷ್ಣವಲಯದಲ್ಲಿದೆ ಎಂದು ಹೇಳಿಕೊಡುತ್ತೇವೆ. ಹೇಳುವುದು ಸರಿಯೇ. ಈ ಪ್ರದೇಶದ ಅಕ್ಷಾಂಶ ಹದಿಮೂರೂವರೆಯಿಂದ ಹದಿನಾಲ್ಕು ಡಿಗ್ರಿಗಳ ಸುಮಾರಿನದು. ಕರ್ಕಾಟಕ ಸಂಕ್ರಾಂತಿ ವೃತ್ತವು ಇಲ್ಲಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕಿದೆ. ಆದರೆ ಪುಷ್ಯಮಾಸದ ಒಂದು ಬೆಳಿಗ್ಗೆ ಮೊದಲನೆಯ ತರಗತಿಗೆ ಬಂದ ವಿದ್ಯಾರ್ಥಿಯೊಬ್ಬನು ಎರಡು ಕೈಗಳನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು, "ಉಷ್ಣವಲಯವೆಂದರೆ ಇದೇ ಏನು ಸಾರ್?" ಎಂದು ಕೇಳಿದಾಗ ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಆದರೆ ಪ್ರಶ್ನೆ ನಗೆಯಲ್ಲಿ ತೇಲಿಹೋಗತಕ್ಕದ್ದಲ್ಲ. ಮಧ್ಯಾಹ್ನ ೨೮ ಡಿಗ್ರಿ ಸೆಲ್ಸಿಯಸ್ ಇದ್ದ ಊರು ಮರುದಿನ ಮುಂಜಾನೆಗೆ ೧೫ ಡಿಗ್ರಿಗೆ, ಕೆಲವು ರಾತ್ರಿ ಅದಕ್ಕೂ ಕೆಳಕ್ಕೆ ಇಳಿದಿರುತ್ತದೆ. ನೆರೆಯ ಬೆಂಗಳೂರಿನಲ್ಲಿ ೧೮೮೪ನೆಯ ಜನವರಿ ೧೩ರಂದು ಉಷ್ಣತೆ ೭.೮ ಡಿಗ್ರಿಗೆ ಇಳಿದ ದಾಖಲೆಯಿದೆ. ಹನ್ನೆರಡು ಗಂಟೆಗಳೊಳಗೆ ಇಷ್ಟು ಶಾಖ ಎಲ್ಲಿಗೆ ಹೋಯಿತು?

ಊರಿನ ಹಿರಿಯರನ್ನು ಕೇಳಿದರೆ, ಮೂಡಣಗಾಳಿ ಚಳಿಯನ್ನು ಹೊತ್ತು ತರುತ್ತದೆ ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಡಿಸೆಂಬರ್, ಜನವರಿಗಳಲ್ಲಿ ಬೀಸುವ ಈಶಾನ್ಯದ ಗಾಳಿ ಒಣಗಾಳಿ. ಆದರೆ ಅತ್ಯಂತ ಕೊರೆಯುವ ಚಳಿ ಬೀಳುವುದು ಗಾಳಿ ಬೀಸುವ ರಾತ್ರಿಗಳಲ್ಲಲ್ಲ. ಎಲೆಯೂ ಅಲುಗದೆ ನಕ್ಷತ್ರಗಳು ನಿಚ್ಚಳವಾಗಿ ಕಾಣುವ ರಾತ್ರಿಗಳಲ್ಲಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನಮ್ಮಲ್ಲಿ ಮೋಡ ಕವಿದ ದಿನ ಹಗಲೆಲ್ಲ ಮೈ ಜುಮ್ಮೆನ್ನುತ್ತಿದ್ದರೂ ರಾತ್ರಿ ಅಷ್ಟೊಂದು ಚಳಿಯಿರುವುದಿಲ್ಲ. ಇದನ್ನು ಗಮನಿಸಿದವರಿಗೆ ಉತ್ತರದ ಅರ್ಧ ಭಾಗ ಆಗಲೇ ಸಿಕ್ಕಿತೆಂದು ಹೇಳಬಹುದು. ನಮ್ಮ ಚಳಿಯ ಬಹುಪಾಲು ಹೊರಗಿನಿಂದ ಬಂದುದಲ್ಲ. ನಮ್ಮ ನೆಲದ ಶಾಖವೇ ಆಕಾಶಕ್ಕೆ ಸೋರಿಹೋಗಿದೆ.

ಶಾಖವಿರುವ ಯಾವ ವಸ್ತುವೂ ಸುಮ್ಮನಿರಲಾರದು. ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ರೂಪದಲ್ಲಿ ಅದು ಎಡೆಬಿಡದೆ ಶಕ್ತಿಯನ್ನು ಚೆಲ್ಲುತ್ತಲೇ ಇರುತ್ತದೆ. ೨೦ ಡಿಗ್ರಿ ಉಷ್ಣತೆಯ ನೆಲದ ಒಂದು ಚದರ ಮೀಟರು ಹೀಗೆ ಸುಮಾರು ೪೦೦ ವ್ಯಾಟಿನಷ್ಟನ್ನು ಹೊರಗೆಡಹುತ್ತದೆ. ಹಗಲಿನಲ್ಲಿ ಸೂರ್ಯನು ಇದಕ್ಕಿಂತ ಹೆಚ್ಚನ್ನು ತುಂಬಿಕೊಡುವುದರಿಂದ ನಷ್ಟ ನಮಗೆ ತಿಳಿಯುವುದಿಲ್ಲ. ರಾತ್ರಿ ತುಂಬಿಕೊಡುವವರು ಯಾರು? ವಾಯುಮಂಡಲದ ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಮೋಡಗಳು. ಇವು ನೆಲದ ಕಿರಣಗಳನ್ನು ಹೀರಿ, ತಾವೂ ಕಿರಣ ಸೂಸಿ, ಒಂದು ಪಾಲನ್ನು ಕೆಳಕ್ಕೆ ಹಿಂದಿರುಗಿಸುತ್ತವೆ. ದಟ್ಟವಾದ ಮೋಡವಿದ್ದರೆ ಹೆಚ್ಚುಕಡಮೆ ಪೂರ್ತಿ ಹಿಂದಕ್ಕೆ ಬರುತ್ತದೆ. ಮೋಡವಿಲ್ಲದ ಒಣ ಆಕಾಶವಾದರೆ ಹಿಂದಕ್ಕೆ ಬರುವುದು ೩೦೦ ವ್ಯಾಟಿನ ಆಸುಪಾಸು. ಉಳಿದ ನೂರು ವ್ಯಾಟು ನಷ್ಟ. ಎಂದರೆ ಪ್ರತಿಯೊಂದು ಚದರ ಮೀಟರು ನೆಲವೂ ಇರುಳೆಲ್ಲ ನೂರು ವ್ಯಾಟಿನ ಒಂದು ದೀಪವನ್ನು ಆಕಾಶದ ಕಡೆಗೆ ಉರಿಸುತ್ತಿರುವಂತಾಯಿತು. ಈ ತಿಂಗಳುಗಳಲ್ಲಿ ರಾತ್ರಿಯೂ ಉದ್ದ. ಡಿಸೆಂಬರ್ ೨೧ರ ಸುಮಾರಿನಲ್ಲಿ ನಮ್ಮ ಹಗಲು ಹನ್ನೊಂದೂಕಾಲು ಗಂಟೆಯಾದರೆ ಇರುಳು ಹನ್ನೆರಡೂಮುಕ್ಕಾಲು ಗಂಟೆ.

ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿರುವ ಈ ಸೀಮೆಯ ಆಕಾಶ ವರ್ಷದ ಬಹುಭಾಗ ತಿಳಿಯಾಗಿರುತ್ತದೆ. ಪಾವಗಡದ ವಾರ್ಷಿಕ ಮಳೆ ೬೦೦ ಮಿಲಿಮೀಟರಿಗೂ ಕಡಮೆ. ಪಾವಗಡದ ತಿರುಮಣಿ, ಬಳಸಮುದ್ರ, ವಳ್ಳೂರು ಮುಂತಾದ ಐದು ಗ್ರಾಮಗಳ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ೨೦೧೮ರಿಂದ ೨೦೧೯ರವರೆಗೆ ೨,೦೫೦ ಮೆಗಾವ್ಯಾಟಿನ ಸೌರವಿದ್ಯುತ್ ಕ್ಷೇತ್ರವನ್ನು ಸ್ಥಾಪಿಸಿದುದಕ್ಕೆ ಈ ತಿಳಿ ಆಕಾಶವೂ ಒಂದು ಕಾರಣ. ಹಗಲು ಬಿಸಿಲನ್ನು ಧಾರಾಳವಾಗಿ ಸುರಿಯುವ ಆಕಾಶವೇ ಇರುಳು ಶಾಖವನ್ನು ಧಾರಾಳವಾಗಿ ಹೀರಿಕೊಳ್ಳುತ್ತದೆ. ಒಂದನ್ನು ಪಡೆದವರು ಇನ್ನೊಂದನ್ನು ಒಪ್ಪಿಕೊಳ್ಳಲೇಬೇಕು.

ಈ ಸೋರಿಕೆಯ ಬಲ ಎಷ್ಟೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಸೊಗಸಾದ ಸಾಕ್ಷ್ಯವಿದೆ. ಹದಿನೆಂಟನೆಯ ಶತಮಾನದಲ್ಲಿ ಅಲಹಾಬಾದಿನ ಕಡೆ ಮಂಜುಗಡ್ಡೆ ತಯಾರಿಸುವವರು ಬಯಲಿನಲ್ಲಿ ಆಳವಲ್ಲದ ಗುಂಡಿಗಳನ್ನು ತೋಡಿ, ಒಣಹುಲ್ಲು ಹಾಸಿ, ಅದರ ಮೇಲೆ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ ನೀರನ್ನು ಇಡುತ್ತಿದ್ದರು. ಸುತ್ತಣ ಗಾಳಿ ನೀರು ಹೆಪ್ಪುಗಟ್ಟುವಷ್ಟು ತಣ್ಣಗಿಲ್ಲದಿದ್ದರೂ ಬೆಳಗಿನ ಜಾವಕ್ಕೆ ತಟ್ಟೆಯಲ್ಲಿ ಮಂಜುಗಡ್ಡೆ ಸಿದ್ಧವಾಗಿರುತ್ತಿತ್ತು. ಸರ್ ರಾಬರ್ಟ್ ಬಾರ್ಕರ್ ಎಂಬಾತನು ೧೭೭೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದನ್ನು ವರದಿ ಮಾಡಿದನು. ಕಾರಣವನ್ನು ತಿಳಿಯಾಗಿ ವಿವರಿಸಿದವನು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ. ೧೮೧೪ರಲ್ಲಿ ಪ್ರಕಟವಾದ ಇಬ್ಬನಿಯನ್ನು ಕುರಿತ ಅವನ ಪ್ರಬಂಧದಲ್ಲಿ. ಹುಲ್ಲು ಕೆಳಗಿನ ಭೂಮಿಯಿಂದ ಶಾಖ ಬರದಂತೆ ತಡೆಯುತ್ತಿತ್ತು. ಮೇಲೆ ತೆರೆದ ಆಕಾಶವಿತ್ತು. ನೀರು ಕೊಟ್ಟದ್ದೇ ಆಯಿತು, ಪಡೆದದ್ದು ಕಡಮೆ.

ಮಧುಗಿರಿಯಲ್ಲಿ ಮಂಜುಗಡ್ಡೆಯಾಗುವುದಿಲ್ಲ. ಆದರೂ ಪ್ರಯೋಗವನ್ನು ಓದುಗರು ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ತಟ್ಟೆಗಳಲ್ಲಿ ಒಂದು ಬೆರಳು ನೀರನ್ನು ಹಾಕಿ, ಎರಡನ್ನೂ ರಾಗಿಹುಲ್ಲಿನ ಮೇಲಿಡಿ. ಒಂದು ಹೊಂಗೆಯ ಮರದ ಕೆಳಗೆ, ಇನ್ನೊಂದು ಹತ್ತು ಹೆಜ್ಜೆ ಆಚೆ ಬಯಲಿನಲ್ಲಿ. ಸೂರ್ಯೋದಯಕ್ಕೆ ಮುಂಚೆ ಎದ್ದು ಉಷ್ಣಮಾಪಕವನ್ನು ಅದ್ದಿರಿ. ಗಾಳಿ ಎರಡಕ್ಕೂ ಒಂದೇ. ವ್ಯತ್ಯಾಸ ಬಂದರೆ ಅದು ತಲೆಯ ಮೇಲಿನ ಎಲೆಗಳ ಮರೆಯಿಂದ ಬಂದುದು. ಈ ಮರೆ ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಮನೆಗೂ ಮೈಗೂ ಕಣದ ರಾಶಿಗೂ ಅದೇ ಬೇಕಾಗುತ್ತದೆ.

ನಾಲ್ಕು ತಾಲ್ಲೂಕುಗಳಲ್ಲಿಯೂ ಚಳಿ ಒಂದೇ ಬಗೆಯಲ್ಲ. ತಣ್ಣಗಾದ ಗಾಳಿ ಹೆಚ್ಚು ಸಾಂದ್ರವಾದುದರಿಂದ ನೀರಿನಂತೆಯೇ ಇಳಿಜಾರಿನಲ್ಲಿ ಜಾರಿ ತಗ್ಗಿಗೆ ಬಂದು ನಿಲ್ಲುತ್ತದೆ. ದೇವರಾಯನದುರ್ಗ, ಚನ್ನರಾಯನದುರ್ಗ, ಸಿದ್ಧರಬೆಟ್ಟಗಳ ಬುಡದಲ್ಲಿ, ಜಯಮಂಗಲಿಯ ಬದಿಯ ಹೊಲಗಳಲ್ಲಿ ಬೆಳಿಗ್ಗೆ ಮಂಜು ತುಂಬಿದ್ದು, ನೂರಾರು ಅಡಿ ಮೇಲೆ ಬೆಟ್ಟದ ಓರೆಯಲ್ಲಿ ಬೆಚ್ಚಗಿರುವುದುಂಟು. ಸಂಜೆ ಊರಿನ ಒಲೆಗಳ ಹೊಗೆಯನ್ನು ನೋಡಿ: ನೆಟ್ಟಗೆ ಏರಿ, ಒಂದು ಎತ್ತರದಲ್ಲಿ ಯಾರೋ ಮುಚ್ಚಳ ಹಾಕಿದಂತೆ ನಿಂತು, ಅಡ್ಡಲಾಗಿ ಹಾಸಿಕೊಳ್ಳುತ್ತದೆ. ಕೆಳಗೆ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ. ಹೊಗೆ ಅಲ್ಲಿಂದ ಮೇಲೇರಲಾರದು. ಎಳೆಗರುಗಳನ್ನು ಕಟ್ಟುವ ಕೊಟ್ಟಿಗೆಯನ್ನೂ ತರಕಾರಿಯ ಸಸಿಮಡಿಯನ್ನೂ ಜಮೀನಿನ ಅತ್ಯಂತ ತಗ್ಗಿನಲ್ಲಿ ಮಾಡಬಾರದೆನ್ನುವುದಕ್ಕೆ ಇದೇ ಕಾರಣ. ಇನ್ನು ಮಧುಗಿರಿ ಪಟ್ಟಣದವರಿಗೆ ಬೇರೊಂದು ಅನುಕೂಲವಿದೆ. ಆ ಏಕಶಿಲಾ ಬೆಟ್ಟ ಹಗಲೆಲ್ಲ ಕಾದು, ಮುಸ್ಸಂಜೆಯ ನಂತರವೂ ಬಹಳ ಹೊತ್ತು ಬೆಚ್ಚಗಿರುತ್ತದೆ. ಬುಡದ ಬಂಡೆಗೆ ಬೆನ್ನು ಕೊಟ್ಟು ಕುಳಿತವರು ಇದನ್ನು ಬಲ್ಲರು.

ಮನೆಯ ವಿಷಯಕ್ಕೆ ಬರೋಣ. ಪಾವಗಡ, ಶಿರಾಗಳ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರುವ ಮಾಳಿಗೆಮನೆಯನ್ನು ಓದುಗರು ನೋಡಿರಬಹುದು. ಒಂದೂವರೆ ಅಡಿಯ ಮಣ್ಣಿನ ಗೋಡೆ, ತೊಲೆ, ಜಂತೆಗಳ ಮೇಲೆ ಕಡ್ಡಿ, ಸೊಪ್ಪು ಹರಡಿ, ಅದರ ಮೇಲೆ ಮಣ್ಣು ತುಳಿದು, ನೀರಿಳಿಯದಂತೆ ಚೌಳುಮಣ್ಣು ಹಾಕಿದ ಚಪ್ಪಟೆಯಾದ ಚಾವಣಿ, ಕಿಟಕಿಗಳು ಕಡಮೆ, ನಡುಮನೆಯ ಮೇಲೆ ಒಂದು ಬೆಳಕಿಂಡಿ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ ಎಂದು ಇದನ್ನು ಎಲ್ಲರೂ ಹೊಗಳುತ್ತಾರೆ. ಹೊಗಳಿಕೆಯನ್ನು ಸ್ವಲ್ಪ ಲೆಕ್ಕಕ್ಕೆ ಇಳಿಸಿ ನೋಡೋಣ.

ಗೋಡೆಯ ಹೊರಮೈ ಹಗಲು ಕಾಯುತ್ತದೆ, ಇರುಳು ಆರುತ್ತದೆ. ಈ ಏರಿಳಿತ ಒಂದು ಅಲೆಯಂತೆ ಗೋಡೆಯೊಳಕ್ಕೆ ನಿಧಾನವಾಗಿ ನುಗ್ಗುತ್ತದೆ. ಒಣಮಣ್ಣಿನಲ್ಲಿ ಇಂಥ ದೈನಂದಿನ ಅಲೆ ಒಂದು ಅಡಿ ಸಾಗುವುದಕ್ಕೆ ಸುಮಾರು ಹತ್ತು ಗಂಟೆ ಹಿಡಿಯುತ್ತದೆ. ಒಂದೂವರೆ ಅಡಿಗೆ ಹದಿನಾಲ್ಕು, ಹದಿನೈದು ಗಂಟೆ. ಆದ್ದರಿಂದ ಮಧ್ಯಾಹ್ನ ಮೂರು ಗಂಟೆಗೆ ಹೊರಗೋಡೆಯನ್ನು ಸುಟ್ಟ ಬಿಸಿಲು ಒಳಗೋಡೆಯನ್ನು ಮುಟ್ಟುವುದು ಮರುದಿನ ಬೆಳಿಗ್ಗೆ ಐದಾರು ಗಂಟೆಗೆ, ಚಳಿ ಅತ್ಯಂತ ಹೆಚ್ಚಾಗಿರುವ ಹೊತ್ತಿನಲ್ಲಿ! ಎಷ್ಟು ಚೆನ್ನಾದ ಏರ್ಪಾಡು ಎಂದು ಇಲ್ಲಿಗೇ ನಿಲ್ಲಿಸುವವರುಂಟು. ನಿಜಾಂಶವೆಂದರೆ, ಅಷ್ಟು ದೂರ ಬರುವಷ್ಟರಲ್ಲಿ ಅಲೆಯ ಎತ್ತರ ಐವತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಕುಗ್ಗಿರುತ್ತದೆ. ಅದು ತಂದು ಕೊಡುವ ಶಾಖ ಅತ್ಯಲ್ಪ. ಮಾಳಿಗೆಮನೆಯ ನಿಜವಾದ ಗುಣ ಬೇರೆ. ಅದರ ಗೋಡೆಯ ಒಳಮೈ ಹಗಲಿರುಳುಗಳ ಸರಾಸರಿ ಉಷ್ಣತೆಯಲ್ಲಿಯೇ ನಿಂತುಬಿಡುತ್ತದೆ. ಜನವರಿಯಲ್ಲಿ ಈ ಸರಾಸರಿ ಇಪ್ಪತ್ತೊಂದು, ಇಪ್ಪತ್ತೆರಡು ಡಿಗ್ರಿ. ಹೊರಗೆ ೧೪ ಇದ್ದಾಗ ಸುತ್ತಲೂ ೨೧ ಡಿಗ್ರಿಯ ಗೋಡೆಗಳಿರುವುದು ಸಣ್ಣ ಸುಖವಲ್ಲ.

ಇದಕ್ಕೆ ಜೊತೆಯಾಗಿ ಒಳಗೆ ಉರಿಯದೆ ಉರಿಯುವ ಒಲೆಗಳೂ ಇದ್ದವು. ಸುಮ್ಮನೆ ಕುಳಿತ ಮನುಷ್ಯನ ದೇಹ ನೂರು ವ್ಯಾಟಿನಷ್ಟು ಶಾಖವನ್ನು ಕೊಡುತ್ತದೆ; ಮಲಗಿದಾಗ ಅದಕ್ಕಿಂತ ಸ್ವಲ್ಪ ಕಡಮೆ. ಒಂದು ನಾಟಿ ಹಸು ಮುನ್ನೂರು ನಾನೂರು ವ್ಯಾಟ್ ಕೊಡುತ್ತದೆ. ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ಒಂದು ಪಕ್ಕಕ್ಕೆ ದನ ಕಟ್ಟುವ ಜಾಗ, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಜನ ಮಲಗುವ ಪಡಸಾಲೆ. ಐದು ಜನ, ಎರಡು ಎತ್ತು, ಒಂದು ಹಸು ಇದ್ದ ಮನೆಯಲ್ಲಿ ಒಂದೂವರೆ ಕಿಲೋವ್ಯಾಟಿನ ಶಾಖಯಂತ್ರ ರಾತ್ರಿಯಿಡೀ ನಡೆಯುತ್ತಿತ್ತು ಎನ್ನಬೇಕು. ನೊಣ, ಸೊಳ್ಳೆ, ಗಂಜಲದ ವಾಸನೆ, ಹೊಗೆ ತುಂಬಿದ ಅಡಿಗೆಮನೆ ಇವು ಆ ಶಾಖಕ್ಕೆ ತೆತ್ತ ಬೆಲೆ. ಅಲ್ಲಿಗೆ ಹಿಂದಿರುಗಿ ಎಂದು ಯಾರಿಗೂ ಹೇಳಲು ನಮಗೆ ಮನಸ್ಸಿಲ್ಲ.

ಆದರೆ ಈಗ ಅನೇಕರು ವಾಸಿಸುತ್ತಿರುವುದು ತಗಡಿನ ಅಥವಾ ಸಿಮೆಂಟ್ ಶೀಟಿನ ಚಾವಣಿಯ ಕೆಳಗೆ. ಅಂಗುಲದ ಕಾಲು ಭಾಗವೂ ಇಲ್ಲದ ಆ ಹಾಳೆಗೆ ಶಾಖವನ್ನು ಹಿಡಿದಿಡುವ ಶಕ್ತಿಯೇ ಇಲ್ಲ. ಸೂರ್ಯ ಮುಳುಗಿದ ಒಂದು ಗಂಟೆಯೊಳಗೆ ಅದು ಆಕಾಶಕ್ಕೆ ತನ್ನದೆಲ್ಲವನ್ನೂ ಒಪ್ಪಿಸಿ, ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಆಮೇಲೆ ಕೆಳಗೆ ಮಲಗಿದವರ ಮೈಶಾಖವನ್ನು ಹೀರಲು ತೊಡಗುತ್ತದೆ. ಬೆಳಗಿನ ಜಾವ ಶೀಟಿನ ಒಳಮೈಯಿಂದ ಹನಿ ತೊಟ್ಟಿಕ್ಕಿದರೆ ಮಳೆ ಬಂತೆಂದುಕೊಳ್ಳಬೇಡಿ; ಮಲಗಿದವರ ಉಸಿರಿನ ನೀರಾವಿಯೇ ಇಬ್ಬನಿಯಾಗಿ ಇಳಿದಿರುತ್ತದೆ. ಇದಕ್ಕೆ ಬಹಳ ಖರ್ಚಿಲ್ಲದ ಉಪಾಯವೆಂದರೆ ಶೀಟಿನಿಂದ ಒಂದು ಗೇಣು ಕೆಳಗೆ ಬಿದಿರಿನ ತಟ್ಟಿಯನ್ನೋ ಈಚಲ ಚಾಪೆಯನ್ನೋ ದಪ್ಪನೆಯ ಬಟ್ಟೆಯನ್ನೋ ಅಡ್ಡಲಾಗಿ ಕಟ್ಟುವುದು. ತಣ್ಣನೆಯ ಶೀಟಿಗೂ ನಮಗೂ ನಡುವೆ ಅದೊಂದು ಮರೆ. ನಡುವೆ ಸಿಕ್ಕಿಬಿದ್ದ ಗಾಳಿ ಶಾಖವಾಹಕವಾಗಿ ಬಲು ದುರ್ಬಲ. ಸಿಮೆಂಟ್ ಕಾಂಕ್ರೀಟಿನ ಐವತ್ತನೆಯ ಒಂದು ಪಾಲೂ ಶಾಖವನ್ನು ಸಾಗಿಸದು. ಒಲೆಯ ಮೇಲ್ಗಡೆ ಮತ್ತು ವಿದ್ಯುತ್ತಿನ ತಂತಿಗಳ ಹತ್ತಿರ ಮಾತ್ರ ಇಂಥದನ್ನು ಕಟ್ಟಕೂಡದು, ಬೆಂಕಿಯ ಭಯವಿದೆ.

ಹೊದಿಕೆಯ ವಿಷಯದಲ್ಲಿಯೂ ತತ್ತ್ವ ಇದೇ. ಕಂಬಳಿ ಬಿಸಿಯನ್ನು ಕೊಡುವುದಿಲ್ಲ; ಎಳೆಗಳ ನಡುವೆ ಗಾಳಿಯನ್ನು ಸೆರೆಹಿಡಿದು ನಮ್ಮ ಬಿಸಿಯನ್ನು ನಮಗೇ ಉಳಿಸಿಕೊಡುತ್ತದೆ. ಈ ಸೀಮೆ ಕುರಿಗಳ ಸೀಮೆ. ನೆರೆಯ ಚಳ್ಳಕೆರೆಯ ಕಂಬಳಿ ಹೆಸರಾದದ್ದು. ಹುಣಸೆಬೀಜದ ಅಂಟನ್ನು ಹಾಸಿನ ನೂಲಿಗೆ ಬಳಿದು ನೇಯ್ದ ನಾಟಿ ಕಂಬಳಿ ಮೊದಮೊದಲು ಮೈಗೆ ಚುಚ್ಚುತ್ತದೆ. ಅಂಗಡಿಯ ನುಣುಪಾದ ರಗ್ಗಿನ ಮುಂದೆ ಅದು ಒರಟು. ಆದರೆ ಉಣ್ಣೆಗೆ ಒಂದು ಅಪರೂಪದ ಗುಣವಿದೆ. ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಅದು ಒದ್ದೆಯೆನಿಸುವುದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಹೊರಗೆಡಹುತ್ತದೆ. ಇಬ್ಬನಿ ಬೀಳುವ ಬಯಲಿನಲ್ಲಿ ಕುರಿಯ ಮಂದೆಯ ಜೊತೆ ಮಲಗುವವನು ಕಂಬಳಿಯನ್ನು ಕೊಪ್ಪೆಮಾಡಿ ತಲೆಗೆ ಹಾಕಿಕೊಳ್ಳುವುದು ಸುಮ್ಮನಲ್ಲ. ತಲೆಗೂ ಆಕಾಶಕ್ಕೂ ನಡುವೆ ಅವನ ಮನೆಯೇ ಅದು.

ಒಂದು ತಪ್ಪನ್ನು ಮಾತ್ರ ನಮ್ಮ ಹಾಸ್ಟೆಲಿನ ಹುಡುಗರು ವರ್ಷವರ್ಷವೂ ಮಾಡುತ್ತಾರೆ. ಮೇಲೆ ಎರಡು ಹೊದಿಕೆ, ಕೆಳಗೆ ಸಿಮೆಂಟಿನ ನೆಲದ ಮೇಲೆ ತೆಳುವಾದ ಜಮಖಾನ. ಮೈಯ ಭಾರಕ್ಕೆ ಕೆಳಗಿನ ಬಟ್ಟೆ ಅಮುಕಿಹೋಗಿ ಅದರೊಳಗಿನ ಗಾಳಿಯೆಲ್ಲ ಹೊರಟುಹೋಗಿರುತ್ತದೆ. ಎರಡರಲ್ಲಿ ಒಂದನ್ನು ಮಡಿಸಿ ಕೆಳಗೆ ಹಾಕಿ ನೋಡಿ ಎಂದರೆ ನಂಬುವುದಿಲ್ಲ. ಹಾಕಿ ನೋಡಿದವರು ನಂಬುತ್ತಾರೆ.

ಇನ್ನು ನಾವು ಈ ಲೇಖನವನ್ನು ಬರೆಯಲು ಮುಖ್ಯ ಕಾರಣವಾದ ಸಂಗತಿ. ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಎರಡು ದಿನ ತರಗತಿಗೆ ಬರಲಿಲ್ಲ. ಬಂದ ಮೇಲೆ ವಿಚಾರಿಸಿದರೆ ಅವನು ಹೇಳಿದ್ದಿಷ್ಟು. ಮನೆ ಹೊಸದು, ಕಿಟಕಿಗಳಿಗೆ ಗಾಜು, ಬಾಗಿಲು ಬಿಗಿ. ತಾತನಿಗೆ ಚಳಿ ತಡೆಯದೆಂದು ಬಾಂಡಲಿಯಲ್ಲಿ ಇದ್ದಿಲಿನ ಕೆಂಡ ತಂದು ಕೋಣೆಯಲ್ಲಿಟ್ಟು, ಬಾಗಿಲು ಕಿಟಕಿ ಮುಚ್ಚಿ, ನಾಲ್ಕು ಜನ ಮಲಗಿದರು. ಬೆಳಗಿನ ಜಾವ ಹಾಲು ಕರೆಯುವ ಹೊತ್ತಾಯಿತೆಂದು ಅಜ್ಜಿ ಎದ್ದರು; ಎದ್ದವರು ನಿಲ್ಲಲಾರದೆ ಬಾಗಿಲಿಗೆ ಒರಗಿದರು; ಅಗಣಿ ಕಳಚಿ ಬಾಗಿಲು ತೆರೆದುಕೊಂಡಿತು. ಉಳಿದವರು ಬದುಕಿದ್ದು ಅದರಿಂದ. ಅವರೆಲ್ಲರಿಗೂ ತಡೆಯಲಾಗದ ತಲೆನೋವು, ವಾಂತಿ. "ಹೊಗೆಯೇ ಇರಲಿಲ್ಲ ಸಾರ್, ಕೆಂಡ ನಿಗಿನಿಗಿ ಎನ್ನುತ್ತಿತ್ತು" ಎಂದು ಹುಡುಗ ಮತ್ತೆ ಮತ್ತೆ ಹೇಳಿದನು.

ಹೊಗೆಯಿಲ್ಲದ್ದರಿಂದಲೇ ಮೋಸ. ಗಾಳಿ ಸಾಲದೆ ಉರಿಯುವ ಇದ್ದಿಲು ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವನ್ನು ಕೊಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮನ್ನೂ ಬರಿಸದು. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಈ ಅನಿಲದ ಮೇಲೆ ಇನ್ನೂರು ಪಟ್ಟಿಗೂ ಹೆಚ್ಚು ಒಲವು. ಲೆಕ್ಕ ನೋಡಿ: ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಎತ್ತರದ ಕೋಣೆಯಲ್ಲಿ ಹಿಡಿಸುವ ಗಾಳಿ ಸುಮಾರು ೨೨,೬೦೦ ಲೀಟರು. ಅರ್ಧ ಕಿಲೋಗ್ರಾಂ ಇದ್ದಿಲಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲು, ಎಂದರೆ ೨೫ ಗ್ರಾಂ ಇಂಗಾಲ ಮಾತ್ರ ಈ ಅನಿಲವಾಗಿ ಮಾರ್ಪಟ್ಟಿತೆಂದು ಇಟ್ಟುಕೊಳ್ಳೋಣ. ಅದು ಐವತ್ತು ಲೀಟರಾಗುತ್ತದೆ. ಸಾವಿರ ಲೀಟರು ಗಾಳಿಗೆ ಎರಡು ಲೀಟರಿಗಿಂತ ಹೆಚ್ಚು. ಒಂದೆರಡು ಗಂಟೆಗಳಲ್ಲಿ ಪ್ರಾಣ ತೆಗೆಯಲು ಇಷ್ಟು ಸಾಕು. ಅದರ ಸಾಂದ್ರತೆ ಹೆಚ್ಚುಕಡಮೆ ಗಾಳಿಯದೇ ಆದ್ದರಿಂದ ಮಂಚದ ಮೇಲೆ ಮಲಗಿದವರಿಗೂ ನೆಲದಲ್ಲಿ ಮಲಗಿದವರಿಗೂ ಭೇದವಿಲ್ಲ.

ಹಳೆಯ ಮಾಳಿಗೆಮನೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡೇ ನಮ್ಮ ಹಿರಿಯರು ಬದುಕಲಿಲ್ಲವೇ ಎಂದು ಕೇಳುವವರಿದ್ದಾರೆ. ಆ ಮನೆಯಲ್ಲಿ ಬೆಳಕಿಂಡಿಯಿತ್ತು, ಬಾಗಿಲಿನ ಸಂದುಗಳಿದ್ದವು. ಇನ್ನು ಕೆಲವರು ಹಗೇವಿನ ಜ್ಞಾಪಕದಿಂದ, ದೀಪ ಉರಿಯುತ್ತಿದ್ದರೆ ಗಾಳಿ ಚೆನ್ನಾಗಿದೆಯೆಂದು ತಿಳಿಯುತ್ತಾರೆ. ರಾಗಿ ತುಂಬಿದ ನೆಲದೊಳಗಿನ ಹಗೇವನ್ನು ತೆರೆದಾಗ ಮೊದಲು ದೀಪವನ್ನು ಇಳಿಸಿ ನೋಡಿ, ಆರದಿದ್ದರೆ ಮಾತ್ರ ಮನುಷ್ಯ ಇಳಿಯುವ ಪದ್ಧತಿ ಒಳ್ಳೆಯದೇ; ಅಲ್ಲಿ ಕೊಲ್ಲುವುದು ಆಮ್ಲಜನಕದ ಕೊರತೆ ಮತ್ತು ಧಾನ್ಯ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್, ಅಲ್ಲಿ ದೀಪ ಆರುತ್ತದೆ. ಇಲ್ಲಿ ದೀಪ ಆರುವುದಿಲ್ಲ. ದೀಪ ಉರಿಯುತ್ತಿರುವಾಗಲೇ ಮನುಷ್ಯ ಆರುತ್ತಾನೆ. ಆದುದರಿಂದ ಕೋಣೆಯನ್ನು ಬೆಚ್ಚಗೆ ಮಾಡಲೇಬೇಕೆಂದಿದ್ದರೆ, ಎಚ್ಚರವಾಗಿರುವಾಗ, ಬಾಗಿಲು ತೆರೆದು ಮಾಡಿ. ಮಲಗುವ ಮುಂಚೆ ಕೆಂಡವನ್ನು, ಬೂದಿ ಮುಚ್ಚಿದ್ದನ್ನು ಕೂಡ, ಅಂಗಳಕ್ಕೆ ಒಯ್ಯಿರಿ. ಮುದುಕರಿಗೆ ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕಾಲಿನ ಬಳಿ ಇಟ್ಟರೆ ಸಾಕು. ಬಿಸಿ ಬೇಕಾದದ್ದು ಕಂಬಳಿಯ ಒಳಗೆ, ಕೋಣೆಗಲ್ಲ.

ಕಂಬಳಿಯ ಒಳಗಿನ ಒಲೆ ನಮ್ಮ ದೇಹ. ಅದರ ಸೌದೆ ಅನ್ನಾಹಾರ. ನೂರು ಗ್ರಾಂ ರಾಗಿಹಿಟ್ಟಿನಲ್ಲಿರುವ ಶಕ್ತಿ ಸುಮಾರು ೩೨೦ ಕಿಲೋಕ್ಯಾಲರಿ. ನೂರು ವ್ಯಾಟಿನ ಒಲೆಯನ್ನು ಮೂರೂಮುಕ್ಕಾಲು ಗಂಟೆ ಉರಿಸಲು ಸಾಕಾಗುವಷ್ಟು. ಅಷ್ಟೇ ತೂಕದ ಕಡಲೆಕಾಯಿ ಬೀಜ ಆರೂವರೆ ಗಂಟೆ ಉರಿಸುತ್ತದೆ, ಎಳ್ಳೂ ಹಾಗೆಯೇ. ಹುರುಳಿಯ ಸಾರು ಮೈಗೆ ಉಷ್ಣವೆನ್ನುತ್ತಾರೆ. ಆ ಮಾತಿನ ಎಲ್ಲ ಅರ್ಥಗಳನ್ನೂ ಉಷ್ಣಮಾಪಕ ಒಪ್ಪದಿದ್ದರೂ, ಹುರುಳಿಯಂಥ ದ್ವಿದಳಗಳಲ್ಲಿ ಹೇರಳವಾಗಿರುವ ಪ್ರೋಟೀನನ್ನು ಅರಗಿಸುವಾಗ ದೇಹ ಅದರ ಶಕ್ತಿಯ ನಾಲ್ಕರಲ್ಲಿ ಒಂದು ಪಾಲಿನಷ್ಟನ್ನು ಶಾಖವಾಗಿ ಹೊರಗೆಡಹುತ್ತದೆ ಎಂಬುದು ಅಳೆದು ಕಂಡ ವಿಷಯ.

ಸಂತೋಷದ ಸಂಗತಿಯೆಂದರೆ, ಈ ಸೌದೆಯೆಲ್ಲ ಚಳಿಯ ಬಾಗಿಲಿಗೆ ಸರಿಯಾಗಿ ನಮ್ಮ ಸಂತೆಗಳಿಗೆ ಬಂದಿರುತ್ತದೆ. ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿಯನ್ನು ಪಾವಗಡ, ಶಿರಾ, ಮಧುಗಿರಿಗಳಲ್ಲಿ ಅಕ್ಟೋಬರ್, ನವೆಂಬರಿನಲ್ಲಿ ಕೀಳುತ್ತಾರೆ. ರಾಗಿ ಕೊಯಿಲು ಅದರ ಹಿಂದೆಯೇ. ಹುರುಳಿ, ತೊಗರಿ ಆಮೇಲೆ. ವರ್ಷದ ದವಸವನ್ನು ಕಣದಿಂದಲೇ ಕೊಳ್ಳುವುದು ಅಗ್ಗ. ಬೆಳೆದವನಿಗೂ ನಡುವಿನವರ ಪಾಲು ಉಳಿಯುತ್ತದೆ. ಆದರೆ ಕೊಳ್ಳುವಾಗ ನೋಡಬೇಕಾದದ್ದು ಬೆಲೆಗಿಂತ ಮುಂಚೆ ತೇವವನ್ನು.

ಕಡಲೆಕಾಯಿಯಲ್ಲಿ ಈ ಎಚ್ಚರ ತಪ್ಪಿದರೆ ಆಗುವುದು ಬರಿಯ ನಷ್ಟವಲ್ಲ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಹುಡುಕಿದಾಗ ಕಾರಣ ಅವುಗಳ ಮೇವಿನಲ್ಲಿದ್ದ ಬ್ರೆಜಿಲ್ ದೇಶದ ಕಡಲೆಕಾಯಿ ಹಿಂಡಿಯೆಂದು ತಿಳಿದುಬಂತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅದರಲ್ಲಿ ಬೆಳೆದು ವಿಷವನ್ನು ಬಿಟ್ಟಿತ್ತು. ಆ ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಅದು ಯಕೃತ್ತಿಗೆ ಮಾರಕ. ಬಹುಕಾಲ ಸೇವಿಸಿದರೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲುದು. ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ನಾಶವಾಗುವುದಿಲ್ಲ. ಕಾಯಿ ಕಿತ್ತ ಮೇಲೆ ಹಿಂಗಾರಿನ ಸೋನೆ ಹಿಡಿದು ರಾಶಿ ನೆನೆದರೆ ಅಥವಾ ಅರ್ಧ ಒಣಗಿದ್ದನ್ನು ಚೀಲಕ್ಕೆ ತುಂಬಿದರೆ ಈ ಬೂಷ್ಟಿಗೆ ಹಬ್ಬ. ಕಾಯಿಯ ತೇವ ನೂರಕ್ಕೆ ಎಂಟರ ಸುಮಾರಿಗೆ ಇಳಿದಿದ್ದರೆ ಅದು ಬೆಳೆಯಲಾರದು.

ಅಷ್ಟು ಒಣಗಿಸಲು ನಮ್ಮ ಮಾಗಿಯ ಹಗಲಿಗಿಂತ ಒಳ್ಳೆಯ ಯಂತ್ರವಿಲ್ಲ. ಗಾಳಿ ಒಣದು, ಬಿಸಿಲು ತಿಳಿ. ರಾತ್ರಿ ಮಾತ್ರ ಅದೇ ಆಕಾಶ ತಿರುಗಿಬೀಳುತ್ತದೆ. ಬಯಲು ಕಣದಲ್ಲಿ ಹರಡಿದ ಕಾಯಿ ಗಾಳಿಗಿಂತ ತಣ್ಣಗಾಗಿ, ಇಬ್ಬನಿಯನ್ನು ಕುಡಿದು, ಹಗಲು ಕಳೆದ ತೇವದ ಒಂದು ಪಾಲನ್ನು ಬೆಳಗಾಗುವಷ್ಟರಲ್ಲಿ ಮರಳಿ ಗಳಿಸಿಕೊಂಡಿರುತ್ತದೆ. ಸೂರ್ಯ ಮುಳುಗುವ ಮುಂಚೆ ರಾಶಿಮಾಡಿ ಮೇಲೆ ಗೋಣಿಯನ್ನೋ ಹುಲ್ಲನ್ನೋ ಹೊದಿಸಬೇಕು. ಪ್ಲಾಸ್ಟಿಕ್ ಹಾಳೆಯೊಂದನ್ನೇ ಹೊದಿಸಿದರೆ ಶೀಟಿನ ಮನೆಯ ಗತಿಯೇ. ಒಳಮೈಯಲ್ಲಿ ಹನಿ ಕಟ್ಟಿ ರಾಶಿಗೇ ಇಳಿಯುತ್ತದೆ.

ಕೊಳ್ಳುವವರು ಒಂದು ಹಿಡಿ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಲಿ. ಚೆನ್ನಾಗಿ ಒಣಗಿದ ಬೀಜ ಸಿಪ್ಪೆಯಿಂದ ಬಿಟ್ಟುಕೊಂಡು ಗಲಗಲ ಎನ್ನುತ್ತದೆ. ಹಸಿಯಾದದ್ದು ಮೂಕ. ತೂಕದ ಲೆಕ್ಕದಲ್ಲಿಯೂ ಇದು ದೊಡ್ಡ ವಿಷಯ: ನೂರರಲ್ಲಿ ಹದಿನೈದು ಪಾಲು ತೇವವಿರುವ ಒಂದು ಕ್ವಿಂಟಲ್ ಕಾಯಿ ಎಂಟು ಪಾಲಿಗೆ ಒಣಗಿದಾಗ ತೊಂಬತ್ತೆರಡೂವರೆ ಕಿಲೋಗ್ರಾಮಿಗೆ ಇಳಿಯುತ್ತದೆ. ಉಳಿದ ಏಳೂವರೆ ಕಿಲೋಗ್ರಾಮಿಗೆ ನಾವು ತೆತ್ತದ್ದು ನೀರಿನ ಬೆಲೆಯಲ್ಲ, ಕಡಲೆಕಾಯಿಯ ಬೆಲೆ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಹಸುರು ಬೂಷ್ಟು ಹಿಡಿದ ಬೀಜಗಳನ್ನು ಆರಿಸಿ ಬಿಸಾಡಬೇಕು. ದನಕ್ಕೂ ಹಾಕಬಾರದು, ಏಕೆಂದರೆ ವಿಷದ ಅಂಶ ಹಾಲಿನಲ್ಲಿ ಹಿಂದಕ್ಕೆ ಬರುತ್ತದೆ. ರಾಗಿಗೆ ಇಷ್ಟೊಂದು ಉಪಚಾರ ಬೇಕಿಲ್ಲ. ಆ ಸಣ್ಣ ಕಾಳುಗಳು ಒತ್ತಾಗಿ ಕೂಡುವುದರಿಂದ ಹುಳುಗಳಿಗೆ ಓಡಾಡಲು ಎಡೆಯಿರುವುದಿಲ್ಲ. ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ.

ಕೂಡಿಡಲಾಗದ, ಆಗಲೇ ತಿಂದು ಮುಗಿಸಬೇಕಾದ ಒಂದು ಬೆಳೆಯನ್ನು ಹೇಳದಿದ್ದರೆ ಈ ಸೀಮೆಯವರು ನಮ್ಮನ್ನು ಕ್ಷಮಿಸಲಾರರು. ಅವರೆಕಾಯಿ. ರಾಗಿಯ ಸಾಲುಗಳ ನಡುವೆ ಅಕ್ಕಡಿಯಾಗಿ ಬಿತ್ತಿದ ನಾಟಿ ಅವರೆ ಮಳೆಗಾಲವೆಲ್ಲ ಬಳ್ಳಿಯಾಗಿ ಸುಮ್ಮನಿದ್ದು, ಮಾಗಿ ಹತ್ತಿರ ಬಂದಾಗ ಹೂ ಬಿಡುತ್ತದೆ. ಅದು ಕಾಯುತ್ತಿದ್ದುದು ಚಳಿಯನ್ನಲ್ಲ, ಇರುಳಿನ ಉದ್ದವನ್ನು. ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ೧೯೨೦ರಲ್ಲಿ ತಂಬಾಕು, ಸೋಯಾ ಗಿಡಗಳಲ್ಲಿ ಮೊದಲು ತೋರಿಸಿಕೊಟ್ಟಂತೆ, ಕೆಲವು ಗಿಡಗಳು ಹಗಲು ಒಂದು ಮಿತಿಗಿಂತ ಕಿರಿದಾದಾಗ ಮಾತ್ರ ಹೂ ಬಿಡುತ್ತವೆ. ನಾಟಿ ಅವರೆ ಆ ಜಾತಿಯದು. ನಮ್ಮ ನೆಲವನ್ನು ತಣ್ಣಗಾಗಿಸುವ ಅದೇ ದೀರ್ಘರಾತ್ರಿ ಹೊಲದಲ್ಲಿ ಅವರೆಯನ್ನು ಅರಳಿಸುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ಬೆಳೆಸಿದ್ದಾರೆ. ರೈತರಿಗೆ ಅದರಿಂದ ಉಪಕಾರವಾಗಿದೆ. ಆದರೂ ಸೊಗಡಿನ ರುಚಿ ಹತ್ತಿದವರು ಜನವರಿಯ ಸಂತೆಯಲ್ಲಿ ಕಾಯಿಯನ್ನು ಕೈಗೆ ಉಜ್ಜಿ, ಮೂಸಿ, ಆಮೇಲೆ ಬೆಲೆ ಕೇಳುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ರಾಶಿ ದೊಡ್ಡದಾಗಿ ಬೆಲೆ ಇಳಿಯುತ್ತದೆ. ಶಿವರಾತ್ರಿಗೆ ಆ ರಾಶಿಯಿದ್ದ ಜಾಗದಲ್ಲಿ ಹೊಸ ಹುಣಸೆಹಣ್ಣು ಬಂದು ಕುಳಿತಿರುತ್ತದೆ.